ಉಯಿಲನ್ನು ಒಪ್ಪದ ಹೆಂಡತಿಗೆ ಎಷ್ಟು ಸಿಗುತ್ತದೆ? ನ್ಯೂಯಾರ್ಕ್ ಲೆಕ್ಕ, ನಾನು ಎಡವಿದ ಜಾಗ ಸಮೇತ

'ಎಲೆಕ್ಷನ್' ಅನ್ನುವ ಒಂದೇ ಪದ ನನ್ನ ಎರಡು ವಾರ ತಿಂದುಹಾಕಿತು. ವೋಟು ಹಾಕುವ ಎಲೆಕ್ಷನ್ ಅಲ್ಲ, ಉಯಿಲಿನ ಪಾಠದ್ದು, 'ಆರಿಸಿಕೊಳ್ಳುವುದು' ಅನ್ನುವ ಅರ್ಥದ್ದು. ಊರಲ್ಲಿ ಎಲ್‌ಎಲ್‌ಬಿ ಮುಗಿಸಿ ಈಗ ನ್ಯೂಯಾರ್ಕ್‌ನ ವಕೀಲಿಕೆ ಪರೀಕ್ಷೆಗೆ ಓದುತ್ತಿರುವವರು ನನ್ನ ಹಾಗೇ ಎಡವುತ್ತಾರೆ ಅನ್ನಿಸಿ ಇದನ್ನು ಬರೆದಿಡುತ್ತಿದ್ದೇನೆ. ನನಗೇ ಮರೆತುಹೋಗದಿರಲಿ ಅಂತಲೂ.

ಮೊದಲು ವಿಷಯ. ಗಂಡನೋ ಹೆಂಡತಿಯೋ ಉಯಿಲು ಬರೆದಿಟ್ಟು ತೀರಿಕೊಳ್ಳುತ್ತಾರೆ. ಉಳಿದವರಿಗೆ ಅದರಲ್ಲಿ ಏನೂ ಇಲ್ಲ, ಅಥವಾ ಹೆಸರಿಗಷ್ಟೇ ಇದೆ. ಆಗ ಅವರಿಗೆ ಕಾನೂನು ಒಂದು ಕನಿಷ್ಠ ಪಾಲು ಕೊಡುತ್ತದೆ. 50 ಸಾವಿರ ಡಾಲರ್ ಅಥವಾ ನಿವ್ವಳ ಆಸ್ತಿಯ ಮೂರನೇ ಒಂದು ಭಾಗ, ಯಾವುದು ಜಾಸ್ತಿಯೋ ಅದು. ಆಸ್ತಿಯೇ 50 ಸಾವಿರಕ್ಕಿಂತ ಕಡಿಮೆ ಇದ್ದರೆ ಇರುವುದೆಲ್ಲ. ಇದಕ್ಕೆ ಎಲೆಕ್ಟಿವ್ ಶೇರ್ ಅಂತಾರೆ, ಅದು ಬೇಕು ಅಂತ ಹಕ್ಕು ಚಲಾಯಿಸುವುದೇ 'ಎಲೆಕ್ಷನ್'. ಎಸ್ಟೇಟ್ಸ್, ಪವರ್ಸ್ ಅಂಡ್ ಟ್ರಸ್ಟ್ಸ್ ಕಾನೂನಿನ 5-1.1-ಎ ಸೆಕ್ಷನ್. 1992ರ ಸೆಪ್ಟೆಂಬರ್ 1ರಿಂದ ಈಚೆಗೆ ತೀರಿಕೊಂಡವರಿಗೆ ಅನ್ವಯ. ಮದುವೆಯಾಗಿ ಒಂದೇ ದಿನವಾಗಿದ್ದರೂ ಪಾಲು ಅಷ್ಟೇ, 40 ವರ್ಷವಾಗಿದ್ದರೂ ಅಷ್ಟೇ. ಮಕ್ಕಳಿಗೆ ಮಾತ್ರ ಇಂಥ ಹಕ್ಕಿಲ್ಲ. ಅಪ್ಪ ಮಗನಿಗೆ ಬಿಡಿಗಾಸೂ ಬರೆಯದೆ ಹೋಗಬಹುದು.

ಸುಲ್ತಾನ್‌ಪುರದ ಜಮೀನು ನನ್ನನ್ನು ಕೆಡಿಸಿತು

ನಮ್ಮ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲೂ ಎಲೆಕ್ಷನ್ ಇದೆ, 180ನೇ ಸೆಕ್ಷನ್‌ನಿಂದ. ಅಲ್ಲಿನ ಉದಾಹರಣೆ ಓದಿದವರಾರೂ ಮರೆಯುವುದಿಲ್ಲ. ಸುಲ್ತಾನ್‌ಪುರದ ಜಮೀನು 'ಸಿ' ಎಂಬುವನದು. 'ಎ' ತನ್ನ ಉಯಿಲಿನಲ್ಲಿ ಆ ಜಮೀನನ್ನು 'ಬಿ'ಗೆ ಬರೆದು, 'ಸಿ'ಗೆ ಸಾವಿರ ರೂಪಾಯಿ ಕೊಡುತ್ತಾನೆ. ಜಮೀನಿನ ಬೆಲೆ 800 ರೂಪಾಯಿ. 'ಸಿ' ಈಗ ಒಂದನ್ನು ಆರಿಸಿಕೊಳ್ಳಬೇಕು. ಜಮೀನು ಬಿಡಲ್ಲ ಅಂದರೆ ಸಾವಿರ ರೂಪಾಯಿ ಕೈಬಿಟ್ಟಿತು. ಎರಡೂ ಬೇಕು ಅನ್ನುವ ಹಾಗಿಲ್ಲ.

ಇದು ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಇಲ್ಲಿಯ ಹೆಂಡತಿ 'ಎಲೆಕ್ಟ್' ಮಾಡುತ್ತಾಳೆ ಅಂದ ತಕ್ಷಣ ಅವಳು ಉಯಿಲಿನಲ್ಲಿ ಬಂದದ್ದನ್ನೆಲ್ಲ ವಾಪಸ್ ಕೊಟ್ಟು ಬೇರೆ ಪಾಲು ತೆಗೆದುಕೊಳ್ಳುತ್ತಾಳೆ ಅಂತಲೇ ಅಂದುಕೊಂಡೆ. ಅದರ ಮೇಲೆ ಇನ್ನೊಂದು ತಪ್ಪು: ಉಯಿಲು ಬೇಡ ಅಂದಮೇಲೆ ಉಯಿಲೇ ಇಲ್ಲದ ಹಾಗೆ ಹಂಚಬೇಕು ಅಂದುಕೊಂಡು, 50 ಸಾವಿರ ಮತ್ತು ಉಳಿದದ್ದರಲ್ಲಿ ಅರ್ಧ ಅಂತ ಬರೆದೆ. ಅದು ಉಯಿಲಿಲ್ಲದೆ ತೀರಿಕೊಂಡು, ಹೆಂಡತಿ ಮಕ್ಕಳು ಇಬ್ಬರೂ ಇದ್ದಾಗಿನ ನಿಯಮ. ಈ ಪ್ರಶ್ನೆಗೂ ಅದಕ್ಕೂ ಸಂಬಂಧವೇ ಇಲ್ಲ.

ಕೊನೆಗೆ ನನಗೆ ಅರ್ಥವಾದದ್ದು ಹೋಟೆಲ್ ಬಿಲ್ ಹಂಚಿಕೊಳ್ಳುವಾಗ. ನನ್ನ ಪಾಲು 30 ಡಾಲರ್, ಆಗಲೇ 20 ಕೊಟ್ಟಿದ್ದೆ. ಗೆಳೆಯ ಆ 20 ವಾಪಸ್ ಕೊಟ್ಟು 30 ಕೇಳಲಿಲ್ಲ, '10 ಕೊಡು ಸಾಕು' ಅಂದ. ಅಷ್ಟೇ ಕಣ್ರೀ ಇದು. ಉಯಿಲು ಹರಿಯುವುದಿಲ್ಲ. ಹೆಂಡತಿಗೆ ಬಂದಿರುವುದು ಅವಳ ಹತ್ತಿರವೇ ಇರುತ್ತದೆ. ಮೂರನೇ ಒಂದು ಭಾಗಕ್ಕೆ ಎಷ್ಟು ಕಡಿಮೆ ಬಿದ್ದಿದೆಯೋ ಅಷ್ಟನ್ನು ಉಳಿದವರು ತುಂಬಿಕೊಡುತ್ತಾರೆ.

ಯಾವುದರ ಮೂರನೇ ಒಂದು ಭಾಗ?

ಇದು ಈ ಪಾಠದ ಹೊಟ್ಟೆ. ಉಯಿಲಿನ ಮೂಲಕ ಹೋಗುವ ಆಸ್ತಿಯಷ್ಟೇ ಲೆಕ್ಕಕ್ಕೆ ಬಂದರೆ ಯಾರು ಬೇಕಾದರೂ ತಪ್ಪಿಸಿಕೊಳ್ಳಬಹುದು. ಸಾಯುವ ಮೊದಲು ಎಲ್ಲ ಬೇರೆ ಕಡೆ ಸಾಗಿಸಿಬಿಟ್ಟರೆ ಆಯಿತಲ್ವಾ? 1937ರ ನ್ಯೂಮನ್ ವಿರುದ್ಧ ಡೋರ್ ಪ್ರಕರಣದಲ್ಲಿ ಆದದ್ದು ಅದೇ. ಹೆಂಡತಿಗೆ ಪಾಲು ಕೊಡುವ ಹೊಸ ಕಾನೂನು 1930ರಲ್ಲಿ ಜಾರಿಗೆ ಬಂದಿತ್ತು. 1934ರಲ್ಲಿ ಸ್ಟ್ರಾಸ್ ಎಂಬ ಮುದುಕ ಸಾಯುವುದಕ್ಕೆ ಬರೀ ಮೂರು ದಿನ ಮೊದಲು ಆಸ್ತಿಯನ್ನೆಲ್ಲ ಒಂದು ಟ್ರಸ್ಟಿಗೆ ಹಾಕಿದ. ಹಿಡಿತ ಮಾತ್ರ ತನ್ನ ಕೈಯಲ್ಲೇ ಇಟ್ಟುಕೊಂಡ. ಕೋರ್ಟು ಇದು ಬರೀ ತೋರಿಕೆಯ ವರ್ಗಾವಣೆ ಅಂತ ತಳ್ಳಿಹಾಕಿತು.

ಈಗ ತೋರಿಕೆಯೋ ನಿಜವೋ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಾನೂನೇ ಪಟ್ಟಿ ಕೊಟ್ಟಿದೆ: ಉಯಿಲಿನ ಬದಲಿಗೆ ಬಳಸುವ ದಾರಿಗಳು, ಅವರ ಭಾಷೆಯಲ್ಲಿ ಟೆಸ್ಟಮೆಂಟರಿ ಸಬ್‌ಸ್ಟಿಟ್ಯೂಟ್. ಜಂಟಿ ಖಾತೆ, ಸತ್ತ ಮೇಲೆ ಇಂಥವರಿಗೆ ಅಂತ ಹೆಸರು ಬರೆಸಿದ ಖಾತೆ, ತಾನೇ ರದ್ದು ಮಾಡಬಹುದಾದ ಟ್ರಸ್ಟು, ಇಂಥವೆಲ್ಲ ವಾಪಸ್ ಲೆಕ್ಕಕ್ಕೆ ಬರುತ್ತವೆ. ಜೀವ ವಿಮೆ ಬರುವುದಿಲ್ಲ. ಇದನ್ನು ದಪ್ಪಕ್ಷರದಲ್ಲಿ ಬರೆದುಕೊಳ್ಳಿ, ಪ್ರಶ್ನೆಯಲ್ಲಿ ದೊಡ್ಡ ಮೊತ್ತದ ಪಾಲಿಸಿ ತುರುಕಿ ನಮ್ಮನ್ನು ಬೀಳಿಸುತ್ತಾರೆ. ಇನ್ನೊಂದು: ಆಸ್ತಿ ಎಲ್ಲೇ ಇರಲಿ, ಲೆಕ್ಕಕ್ಕೆ ಸೇರುತ್ತದೆ. ನ್ಯೂಯಾರ್ಕ್‌ನಲ್ಲಿ ನೆಲೆಸಿ ತೀರಿಕೊಂಡವರ ಮೈಸೂರಿನ ಸೈಟೂ.

ಜಂಟಿ ಖಾತೆಗೆ ಎರಡು ನಿಯಮ ಇವೆ. ನಾನು ಸದಾ ಅದಲುಬದಲು ಮಾಡುತ್ತಿದ್ದೆ. ಗಂಡ ಹೆಂಡತಿಯ ಜಂಟಿ ಖಾತೆಯಾದರೆ ಯಾರು ಎಷ್ಟು ಹಾಕಿದರು ಅಂತ ಕೇಳುವ ಹಾಗಿಲ್ಲ, ಕಣ್ಣು ಮುಚ್ಚಿ ಅರ್ಧ. ಬೇರೆಯವರ ಜೊತೆಯ ಖಾತೆಯಾದರೆ ಸತ್ತವರು ಹಾಕಿದಷ್ಟು ದುಡ್ಡು, ಅದನ್ನು ತೋರಿಸುವ ಹೊಣೆ ಹೆಂಡತಿಯದು.

ಲೆಕ್ಕ ಮಾಡೋಣ. ಸಾಲ, ಅಂತ್ಯಕ್ರಿಯೆ ಖರ್ಚು ಕಳೆದು ಉಯಿಲಿನ ಆಸ್ತಿ 3 ಲಕ್ಷ ಡಾಲರ್. ಅದರಲ್ಲಿ ಹೆಂಡತಿಗೆ 60 ಸಾವಿರ, ಮೊದಲ ಮದುವೆಯ ಮಗನಿಗೆ 2 ಲಕ್ಷ 40 ಸಾವಿರ. ತಂಗಿಯ ಜೊತೆ ಜಂಟಿ ಖಾತೆಯಲ್ಲಿ ಒಂದೂವರೆ ಲಕ್ಷ, ಪೂರ್ತಿ ಇವನದೇ ದುಡ್ಡು. ಇವನು ಸತ್ತ ಮೇಲೆ ಮಗನಿಗೆ ಅಂತ ಬರೆಸಿದ ಖಾತೆಯಲ್ಲಿ 90 ಸಾವಿರ. ಹೆಂಡತಿ ಜೊತೆಯ ಖಾತೆಯಲ್ಲಿ 60 ಸಾವಿರ. ತಮ್ಮನಿಗೆ 5 ಲಕ್ಷದ ಜೀವ ವಿಮೆ.

ಕೂಡಿಸಿ: 3,00,000 + 1,50,000 + 90,000 + 30,000 = 5,70,000. ಕೊನೆಯ 30 ಸಾವಿರ ಗಂಡ ಹೆಂಡತಿ ಖಾತೆಯ ಅರ್ಧ. ವಿಮೆ ಹೊರಗೆ. ಮೂರನೇ ಒಂದು ಭಾಗ 1,90,000. ಹೆಂಡತಿಗೆ ಆಗಲೇ ಬಂದದ್ದು ಉಯಿಲಿನ 60 ಸಾವಿರ, ಖಾತೆಯ 30 ಸಾವಿರ, ಒಟ್ಟು 90 ಸಾವಿರ. ಕಡಿಮೆ ಬಿದ್ದದ್ದು 1 ಲಕ್ಷ.

ಯಾರು ಕೊಡಬೇಕು? ಪಡೆದವರೆಲ್ಲ, ಅವರವರು ಪಡೆದ ಪ್ರಮಾಣದಲ್ಲಿ. ಹೆಂಡತಿ ಬಿಟ್ಟು ಉಳಿದವರ ಕೈಗೆ ಹೋದದ್ದು 4,80,000. ಅದರಲ್ಲಿ ಮಗನ ಉಯಿಲಿನ ಪಾಲು ಅರ್ಧ, ಹಾಗಾಗಿ ಅದರಿಂದ 50,000. ತಂಗಿಯಿಂದ 31,250. ಮಗನ ಖಾತೆಯಿಂದ 18,750. ತಂಗಿಗೆ ಉಯಿಲಿನಲ್ಲಿ ಏನೂ ಬಂದಿಲ್ಲ, ಆದರೂ ಕೊಡಬೇಕು. ಇದು ನನಗೆ ಮೊದಲು ವಿಚಿತ್ರ ಅನ್ನಿಸಿತ್ತು.

ನನ್ನ ಅಡ್ಡದಾರಿ: ಹಾಳೆಯ ಮೇಲೆ ಎರಡು ಕಾಲಂ ಎಳೆಯಿರಿ, 'ಹೆಂಡತಿಗೆ' ಮತ್ತು 'ಉಳಿದವರಿಗೆ'. ಪ್ರಶ್ನೆ ಓದುತ್ತಾ ಲೆಕ್ಕಕ್ಕೆ ಬರುವ ಪ್ರತಿ ಮೊತ್ತವನ್ನೂ ಒಂದರಲ್ಲಿ ಹಾಕಿ. ಎರಡನ್ನೂ ಕೂಡಿಸಿ ಮೂರರಿಂದ ಭಾಗಿಸಿ, ಮೊದಲ ಕಾಲಂ ಕಳೆಯಿರಿ. (50 ಸಾವಿರಕ್ಕಿಂತ ಕಡಿಮೆ ಬಂದರೆ ಮೇಲಿನ ಕನಿಷ್ಠ ನಿಯಮ ನೆನಪಿರಲಿ.) ಎರಡನೇ ಕಾಲಂ ಯಾರು ಎಷ್ಟು ಕೊಡಬೇಕು ಅನ್ನುವುದಕ್ಕೆ ಸಿದ್ಧವಾಗಿಯೇ ಇರುತ್ತದೆ.

ಟ್ರಸ್ಟ್ ಬಂದರೆ ಎಲ್ಲ ತಿರುಗುತ್ತದೆ

'ನನ್ನ ಹೆಂಡತಿ ಬದುಕಿರುವವರೆಗೆ ಟ್ರಸ್ಟಿನ ಆದಾಯ ಅವಳಿಗೆ, ಆಮೇಲೆ ಮಕ್ಕಳಿಗೆ.' ಇಂಥದ್ದನ್ನು 'ಬಂದದ್ದು' ಅಂತ ಮೊದಲ ಕಾಲಂಗೆ ಹಾಕಬೇಡಿ. 1994ರ ಸೆಪ್ಟೆಂಬರ್‌ನಿಂದ ಈಚೆಗೆ, ಪೂರ್ತಿ ಅವಳದಾಗುವ ಆಸ್ತಿ ಮಾತ್ರ ಕಳೆಯುವ ಲೆಕ್ಕಕ್ಕೆ ಬರುತ್ತದೆ. ಅವಳು ಹಕ್ಕು ಚಲಾಯಿಸಿದರೆ, ಉಯಿಲಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, ಆ ಟ್ರಸ್ಟಿನ ಮಟ್ಟಿಗೆ ಅವಳು ಗಂಡನಿಗಿಂತ ಮೊದಲೇ ತೀರಿಕೊಂಡಂತೆ ಲೆಕ್ಕ. ಆದಾಯ ಹೋಯಿತು, ಮಕ್ಕಳ ಸರದಿ ಈಗಲೇ ಬಂತು. ಅಂದರೆ ಸುಲ್ತಾನ್‌ಪುರದ 'ಸಿ' ಇಲ್ಲಿ ಮಾತ್ರ ಮತ್ತೆ ತಲೆ ಎತ್ತುತ್ತಾನೆ.

ಉಳಿದ ಚಿಲ್ಲರೆ

ಗಡುವು: ಉಯಿಲು ನಡೆಸುವವರಿಗೆ ಕೋರ್ಟು ಅಧಿಕಾರಪತ್ರ ಕೊಟ್ಟ ದಿನದಿಂದ 6 ತಿಂಗಳು, ಸಾವಿನಿಂದ 2 ವರ್ಷ ದಾಟುವಂತಿಲ್ಲ. ಸರಿಯಾದ ಕಾರಣ ಇದ್ದರೆ ಕೋರ್ಟು ವಿಸ್ತರಿಸಬಹುದು. ನೋಟಿಸು ಉಯಿಲು ನಡೆಸುವವರಿಗೆ ಮುಟ್ಟಬೇಕು, ಉಯಿಲಿನ ವ್ಯವಹಾರ ನೋಡುವ ಸರೊಗೇಟ್ಸ್ ಕೋರ್ಟಿನಲ್ಲಿ ಸಲ್ಲಿಸಬೇಕು. ಹಕ್ಕು ವೈಯಕ್ತಿಕ. ಹೆಂಡತಿ ಚಲಾಯಿಸದೆ ತೀರಿಕೊಂಡರೆ ಅವಳ ಮಕ್ಕಳು ಕೇಳುವಂತಿಲ್ಲ. ಮೊದಲೇ ಬಿಟ್ಟುಕೊಟ್ಟಿರಬಹುದು, ಆದರೆ ಬರಹದಲ್ಲಿ, ಸಹಿ ಹಾಕಿ, ಜಮೀನಿನ ಪತ್ರ ನೋಂದಣಿಗೆ ಮಾಡುವಂತೆ ಅಧಿಕಾರಿಯ ಮುಂದೆ ಒಪ್ಪಿಕೊಂಡಿರಬೇಕು. ಸಂಗಾತಿಯನ್ನು ತೊರೆದು ಹೋದವರಿಗೆ ಹಕ್ಕಿಲ್ಲ.

ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಂಥ ಕಡೆ ಈ ಪಾಠವೇ ಬೇಡ, ಮದುವೆಯ ನಂತರದ ಸಂಪಾದನೆಯಲ್ಲಿ ಅರ್ಧ ಮೊದಲಿಂದಲೇ ಸಂಗಾತಿಯದು. ನಮ್ಮ ಪಕ್ಕದ ಗೋವಾದಲ್ಲೂ ಹೆಚ್ಚುಕಡಿಮೆ ಅದೇ ನಡೆ. ಕರ್ನಾಟಕದ ಹಿಂದೂ ಹೆಂಡತಿಗೆ ಹೀಗೆ ಉಯಿಲನ್ನು ಮೀರುವ ಪಾಲು ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಗಂಡ ತನ್ನ ಪಾಲನ್ನೆಲ್ಲ ಬೇರೆಯವರಿಗೆ ಬರೆಯಬಹುದು. ಅವಳಿಗೆ ಉಳಿಯುವುದು 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿ, ಆಸ್ತಿ ಪಡೆದವರ ಹತ್ತಿರ ಜೀವನಾಂಶ ಕೇಳುವ ದಾರಿ. ಪಾಲು ಬೇರೆ, ಜೀವನಾಂಶ ಬೇರೆ. ನಮ್ಮಮ್ಮನಿಗೆ ಫೋನಲ್ಲಿ ಇದನ್ನು ಹೇಳಿದಾಗ 'ಅಲ್ಲಿ ಲೆಕ್ಕ ಕೇಳ್ತಾರೆ, ಇಲ್ಲಿ ಕೈ ಚಾಚಬೇಕು' ಅಂದರು.

ನೀವೇ ಮಾಡಿ ನೋಡಿ

ಉಯಿಲಿನ ಆಸ್ತಿ 3,20,000. ಹೆಂಡತಿಗೆ ನೇರವಾಗಿ 1,00,000, ಜೊತೆಗೆ ಟ್ರಸ್ಟಿನ ಆದಾಯ ಬದುಕಿರುವವರೆಗೆ. ಗಂಡ ಹೆಂಡತಿ ಜಂಟಿ ಖಾತೆಯಲ್ಲಿ 80,000. ಹಕ್ಕು ಚಲಾಯಿಸಲೇ ಅಂತ ಕೇಳಿದರೆ ಏನು ಹೇಳುತ್ತೀರಿ?

ನಾನು ಮೊದಲ ಸಲ 20,000 ಸಿಗುತ್ತದೆ, ಚಲಾಯಿಸಿ ಅಂತ ಬರೆದೆ. ಖಾತೆಯ ಅರ್ಧವನ್ನು ಕೂಡಿಸುವಾಗ ಸೇರಿಸಿ, ಕಳೆಯುವಾಗ ಮರೆತಿದ್ದೆ. ಸರಿ ಲೆಕ್ಕ: ಒಟ್ಟು 3,60,000, ಪಾಲು 1,20,000, ಬಂದದ್ದು 1,40,000. ಸಿಗುವುದು ಸೊನ್ನೆ, ಮೇಲಿಂದ ಟ್ರಸ್ಟಿನ ಆದಾಯವೂ ಹೋಗುತ್ತದೆ. ಅವರಿಗೆ ಸುಮ್ನಿರಿ ಅನ್ನಬೇಕು.