ಧರ್ಮಕ್ಕೆ ಇಟ್ಟಿಗೆ, ವಾಸಕ್ಕೆ ತೇಗ: ಬರ್ಮಾದ ಹಳೆಯ ಕಟ್ಟಡಗಳನ್ನು ಗುರುತಿಸುವುದು

ಬರ್ಮಾದ (ಈಗಿನ ಮ್ಯಾನ್ಮಾರ್) ಹಳೆಯ ರಾಜಧಾನಿ ಬಗಾನಿನ ಬಯಲಲ್ಲಿ ಇವತ್ತಿಗೂ ಎರಡು ಸಾವಿರಕ್ಕೂ ಹೆಚ್ಚು ಇಟ್ಟಿಗೆಯ ಗುಡಿ, ಸ್ತೂಪಗಳಿವೆ. ಅವನ್ನು ಕಟ್ಟಿಸಿದ ದೊರೆಗಳ ಅರಮನೆ ಮಾತ್ರ ಒಂದೂ ನಿಂತಿಲ್ಲ. ಧರ್ಮಕಾರ್ಯಕ್ಕೆ ಇಟ್ಟಿಗೆ, ವಾಸಕ್ಕೆ ಮರ ಎಂಬ ರೂಢಿಯೇ ಇದಕ್ಕೆ ಕಾರಣ. ಇದೊಂದು ನೆನಪಿದ್ದರೆ ಉಳಿದದ್ದು ತಾನಾಗಿ ಜೋಡಿಸಿಕೊಳ್ಳುತ್ತದೆ.

ಇಟ್ಟಿಗೆಯವುಗಳಲ್ಲಿ ಎರಡು ಬಗೆ. ‘ಝೇದಿ’ ಒಳಗೆ ಹೋಗಲಾಗದ ಗಟ್ಟಿ ಸ್ತೂಪ. ಪಾಲಿಯ ‘ಚೇತಿಯ’ದಿಂದ ಬಂದ ಪದ. ‘ಗೂ’ ಒಳಹೊಕ್ಕು ಪೂಜೆ ಮಾಡುವ ಗುಡಿ. ನಮ್ಮ ‘ಗುಹೆ’ಯ ನೆಂಟ.

ಝೇದಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಯಾಂಗೂನಿನ ಶ್ವೆಡಗಾನ್ (ಸುಮಾರು 99 ಮೀಟರ್) ಹಿಡಿದು ನೋಡಿ: ಬುಡದಲ್ಲಿ ಹಂತಹಂತದ ಕಟ್ಟೆಗಳಾದ ಜಗತಿಗಳು, ಅವುಗಳ ಮೇಲೆ ಗಂಟೆ, ಬೋರಲು ಹಾಕಿದ ಭಿಕ್ಷಾಪಾತ್ರೆ, ತಾವರೆ ದಳಗಳ ಪಟ್ಟಿ, ಬಾಳೆಮೂತಿ, ಲೋಹದ ಛತ್ರಿಯಾದ ‘ಥೀ’, ತುದಿಯಲ್ಲಿ ವಜ್ರದ ಮೊಗ್ಗು. ಗಂಟೆಗೂ ಶಿಖರಕ್ಕೂ ನಡುವೆ ಚೌಕ ಪೆಟ್ಟಿಗೆಯಂಥ ಹರ್ಮಿಕೆ ಕಂಡರೆ ಸಿಂಹಳದ ಪ್ರಭಾವ ಎಂದು ಗುರುತು ಹಾಕಿಕೊಳ್ಳಿ. ಬಗಾನ್ ಬಳಿಯ ಸಪದ ಸ್ತೂಪ ಇದಕ್ಕೆ ಒಳ್ಳೆಯ ಮಾದರಿ.

ಗೂ ಗುಡಿಯಲ್ಲಿ ಕಣ್ಣಿಡಬೇಕಾದ್ದು ಕಮಾನಿಗೆ. ಇಟ್ಟಿಗೆಗಳನ್ನು ಒಂದರ ಮುಂದೊಂದು ಚಾಚಿ ಮೇಲೆ ಕೂಡಿಸಿದ್ದಲ್ಲ ಅದು; ಒಂದು ಕಡೆ ಅಗಲ, ಒಂದು ಕಡೆ ಕಿರಿದಾದ ಇಟ್ಟಿಗೆಗಳನ್ನು ಬಾಗಿಸಿ ಕೂರಿಸಿದ ನಿಜವಾದ ಕಮಾನು. ಇಟ್ಟಿಗೆಯ ಅಗಲ ಮುಖವೇ ನಮ್ಮ ಕಡೆಗಿರುತ್ತದೆ. ಯುರೋಪಿನ ಕಮಾನಿನಲ್ಲಿ ಕಾಣುವುದು ಅದರ ಅಂಚು. ಪರೀಕ್ಷೆಯಲ್ಲಿ ಇವೆರಡನ್ನು ಅದಲುಬದಲು ಮಾಡುವವರೇ ಹೆಚ್ಚು. ಕಟ್ಟಲು ಬಳಸಿದ್ದು ಮಣ್ಣಿನ ಗಾರೆ, ಸಂದು ತೀರಾ ತೆಳು. ಮೇಲೆ ಸುಣ್ಣದ ಗಾರೆಯ ಅಲಂಕಾರ. ಗಾರೆ ಉದುರಿದ ಕಡೆ ಮಳೆನೀರು ಇಳಿದು ಒಳಗಿನ ಮಣ್ಣು ತೊಳೆದುಹೋಗುತ್ತದೆ, ಸಂದು ಸಡಿಲವಾಗುತ್ತದೆ. ಆಮೇಲೆ ಭೂಮಿ ನಡುಗಿದರೆ ಮೊದಲು ಬೀಳುವುದು ಶಿಖರ. ಬಗಾನಿನಲ್ಲಿ 1975ರಲ್ಲೂ 2016ರಲ್ಲೂ ಹಾಗೇ ಆಯಿತು. 2016ರಲ್ಲಿ ಬಿದ್ದದ್ದರಲ್ಲಿ ಈಚಿನ ದುರಸ್ತಿಯ ಭಾಗವೂ ಬಹಳ ಇತ್ತು. ಹಾಗಾಗಿ ಶಿಖರದ ಆಕಾರವೊಂದನ್ನೇ ನಂಬಿ ಕಾಲ ನಿರ್ಣಯಿಸಬೇಡಿ.

ಬಗಾನಿನ ಆನಂದ ಗುಡಿ (ಸುಮಾರು 1105, ಚಾನ್ಸಿತ್ತ ದೊರೆಯ ಕಾಲ) ನಾಲ್ಕೂ ತೋಳು ಸಮವಿರುವ ಶಿಲುಬೆಯಾಕಾರದ್ದು. ನಡುವಿನ ಗಟ್ಟಿ ಕಂಬದ ನಾಲ್ಕು ಮುಖಕ್ಕೂ ಒಬ್ಬೊಬ್ಬ ನಿಂತ ಬುದ್ಧ. ಉತ್ತರ, ದಕ್ಷಿಣದವು ಮೂಲ ಮೂರ್ತಿಗಳು. ಉಳಿದೆರಡು ಬೆಂಕಿಯ ನಂತರ ಮಾಡಿಸಿದವು.

ಇನ್ನು ಮರದ ಕಡೆ. ಮಂಡಲೆಯ ಅರಮನೆ 1945ರ ಯುದ್ಧದಲ್ಲಿ ಸುಟ್ಟಿತು. ಈಗ ಕಾಣುವುದು 1990ರ ದಶಕದ ಮರುನಿರ್ಮಾಣ, ಅದರಲ್ಲಿ ಕಾಂಕ್ರೀಟೂ ಇದೆ, ತಗಡೂ ಇದೆ. ಅರಮನೆಯ ಮರಗೆಲಸ ತಿಳಿಯಬೇಕಾದರೆ ಶ್ವೆನಂಡೊ ವಿಹಾರಕ್ಕೇ ಹೋಗಬೇಕು. ಅದು ಮೊದಲು ಅರಮನೆಯೊಳಗೆ ಮಿಂಡನ್ ದೊರೆಯ ಕೋಣೆಗಳಿದ್ದ ಕಟ್ಟಡ. 1878ರಲ್ಲಿ ಅವನು ತೀರಿಕೊಂಡದ್ದೂ ಅಲ್ಲೇ. ಮಗ ಥಿಬಾ ಅದನ್ನು ಬಿಚ್ಚಿಸಿ ಕೋಟೆಯ ಆಚೆಗೆ ಸಾಗಿಸಿ ವಿಹಾರ ಮಾಡಿಸಿದ, ಉಳಿದದ್ದು ಅದರಿಂದಲೇ. ಬಿಚ್ಚಿ ಒಯ್ಯುವುದೇನೂ ಹೊಸತಲ್ಲ, ರಾಜಧಾನಿ ಅಮರಪುರದಿಂದ ಮಂಡಲೆಗೆ ಬಂದಾಗ ಅರಮನೆಯೂ ಹೀಗೇ ಬಂದಿತ್ತು.

ಮರದ ವಿಹಾರದ ಭಾಗಗಳು ಪೂರ್ವ-ಪಶ್ಚಿಮವಾಗಿ ಒಂದೇ ಸಾಲಿನಲ್ಲಿರುತ್ತವೆ. ಪೂರ್ವದ ತುದಿಗೆ ಬುದ್ಧನ ಕೋಣೆ, ಅದರ ಮೇಲೆ ಅಂತಸ್ತು ಅಂತಸ್ತಾದ ಚಾವಣಿ ‘ಪ್ಯಾತ್ಥಾತ್’ (ಸಂಸ್ಕೃತದ ‘ಪ್ರಾಸಾದ’). ನಂತರ ಹಿರಿಯ ಭಿಕ್ಷುವಿನ ಕೋಣೆ, ದೊಡ್ಡ ಪಡಸಾಲೆ, ಕೊನೆಗೆ ಪಶ್ಚಿಮದಲ್ಲಿ ಉಗ್ರಾಣ. ಪ್ಯಾತ್ಥಾತ್ ಅಂತಸ್ತುಗಳು ಯಾವಾಗಲೂ ಬೆಸಸಂಖ್ಯೆ. ಅದು ಅರಸರಿಗೂ ಧರ್ಮಕ್ಕೂ ಮೀಸಲು, ಊರವರ ಮನೆಗೆ ಸಲ್ಲದು. ಇಡೀ ಭಾರ ಹೊರುವುದು ತೇಗದ ಕಂಬಗಳು. ಮಂಡಲೆ ಬಳಿಯ ಹಳೆಯ ರಾಜಧಾನಿ ಇನ್ವಾದ ಬಗಾಯ ವಿಹಾರದಲ್ಲಿ ಅಂಥವು 267. ಬೆಂಕಿ ಬಿಟ್ಟರೆ ದೊಡ್ಡ ಶತ್ರು ತೇವ: ಕಂಬ ನೆಲಕ್ಕೆ ಸೇರುವ ಕಡೆಯೇ ಮೊದಲು ಕೊಳೆಯುತ್ತದೆ.

ಈ ಎರಡೂ ಬಗೆ ಬೆರೆತದ್ದು ಇನ್ವಾದಲ್ಲಿ ಮೆ ನು ರಾಣಿ ಕಟ್ಟಿಸಿದ ವಿಹಾರ. ನಕ್ಷೆ, ಅಂತಸ್ತಿನ ಚಾವಣಿ ಎಲ್ಲವೂ ಮರದ ವಿಹಾರದ್ದೇ, ಕಟ್ಟಿದ್ದು ಮಾತ್ರ ಇಟ್ಟಿಗೆಯಲ್ಲಿ. ಬೆಂಕಿಯ ಭಯ ಅದಕ್ಕಿರಲಿಲ್ಲ. 2025ರ ಮಾರ್ಚ್ 28ರ ಭೂಕಂಪಕ್ಕೆ ಕುಸಿಯಿತು.