ಹಳೆಯ ಈಮ್ಸ್ ಲೌಂಜ್ ಕುರ್ಚಿ ಕೊಳ್ಳುವಾಗ ಮೊದಲು ಎಲ್ಲಿ ನೋಡಬೇಕು?

ಪ್ರಶ್ನೆ: ಎಪ್ಪತ್ತರ ದಶಕದ್ದು ಎನ್ನುವ ಈಮ್ಸ್ ಲೌಂಜ್ ಕುರ್ಚಿಯೊಂದು ಮಾರಾಟಕ್ಕಿದೆ. ಚರ್ಮ ಚೆನ್ನಾಗಿದೆ, ಅಡಿಯಲ್ಲಿ ತಯಾರಕ ಕಂಪನಿ ಹರ್ಮನ್ ಮಿಲ್ಲರ್‌ನ ಲೇಬಲ್ ಕೂಡ ಇದೆ. ಇಷ್ಟು ನೋಡಿದರೆ ಸಾಕೇ?

ಸಾಲದು. ಚರ್ಮ, ಲೇಬಲ್ ಎರಡೂ ಆಮೇಲಿನ ಮಾತು. ಈ ಕುರ್ಚಿಯ ಜೀವ ಇರುವುದು ಬೆನ್ನಿನ ಶೆಲ್ಲಿನ, ಅಂದರೆ ಬಾಗಿಸಿದ ಪ್ಲೈವುಡ್ ಚಿಪ್ಪಿನ, ಒಳಮೈಗೆ ಅಂಟಿಸಿದ ಎರಡು ರಬ್ಬರ್ ತುಂಡುಗಳಲ್ಲಿ. ಅವನ್ನು ನೋಡುವ ತನಕ ಬೆಲೆ ಮಾತಾಡಬೇಡಿ, ಕುರ್ಚಿಯಲ್ಲಿ ಒರಗಿ ಕೂರಲೂ ಬೇಡಿ.

ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ರೂಪಿಸಿದ ಈ ಕುರ್ಚಿ ಮಾರುಕಟ್ಟೆಗೆ ಬಂದದ್ದು 1956ರಲ್ಲಿ. ಕುರ್ಚಿಯ ಮಾದರಿ ಸಂಖ್ಯೆ 670, ಜೊತೆಯ ಕಾಲುಮಣೆಯದು 671. ತಲೆಗೆ, ಬೆನ್ನಿಗೆ, ಕೂರುವುದಕ್ಕೆ ಎಂದು ಬಾಗಿಸಿದ ಪ್ಲೈವುಡ್ಡಿನ ಮೂರು ಶೆಲ್‌ಗಳಿವೆ. ತಲೆ ಮತ್ತು ಬೆನ್ನಿನ ಶೆಲ್‌ಗಳನ್ನು ಎರಡು ಅಲ್ಯೂಮಿನಿಯಂ ಪಟ್ಟಿಗಳು ಜೋಡಿಸುತ್ತವೆ. ಬೆನ್ನನ್ನು ಆಸನಕ್ಕೆ ಸೇರಿಸುವುದು ಮಾತ್ರ ಎರಡು ಬದಿಯ ತೋಳುಗಳು. ಆ ತೋಳುಗಳ ಬೋಲ್ಟ್ ಹೋಗಿ ಕೂರುವುದು ಶಾಕ್ ಮೌಂಟ್ ಎಂಬ ರಬ್ಬರ್ ತುಂಡಿನೊಳಗಿನ ಲೋಹಕ್ಕೆ, ಮೌಂಟ್ ಮರಕ್ಕೆ ಹಿಡಿದಿರುವುದು ಬರೀ ಅಂಟಿನಿಂದ. ಒರಗಿದವರ ಭಾರವೆಲ್ಲ ಸನ್ನೆಕೋಲಿನಂತೆ ಮೀಟುವುದು ಅಲ್ಲಿಯೇ. ಹೊಸದರಲ್ಲಿ ರಬ್ಬರ್ ಮಣಿದು ಆ ಎಳೆತವನ್ನು ತಾನೇ ನುಂಗುತ್ತದೆ. ದಶಕಗಳು ಕಳೆದಂತೆ ಅದು ಗಟ್ಟಿಯಾಗಿ ಮಣಿಯುವುದನ್ನು ಬಿಡುತ್ತದೆ, ಅಂಟೂ ಸೋಲುತ್ತದೆ. ಒಂದು ಬದಿ ಬಿಟ್ಟುಕೊಂಡರೆ ಪೂರ್ತಿ ಭಾರ ಇನ್ನೊಂದರ ಮೇಲೆ ಬೀಳುತ್ತದೆ. ಅದು ಕಿತ್ತು ಬರುವಾಗ ಪ್ಲೈವುಡ್ಡಿನ ಪದರಗಳನ್ನೂ ಕಿತ್ತುಕೊಂಡು ಬರಬಹುದು. ಕೂತವರು ಹಿಂದಕ್ಕೆ ಉರುಳುತ್ತಾರೆ, ಶೆಲ್ ಸೀಳುತ್ತದೆ. ರಬ್ಬರ್ ಬದಲಿಸುವುದು ಸಣ್ಣ ಕೆಲಸ. ಸೀಳಿದ ಶೆಲ್ ಮಾತ್ರ ಮೊದಲಿನಂತಾಗುವುದಿಲ್ಲ.

ಪರೀಕ್ಷೆ ಹೀಗೆ. ಬೆನ್ನಿನ ಕುಶನ್ ಕ್ಲಿಪ್ಪಿನಿಂದ ಬಿಡಿಸಿ ತೆಗೆಯಿರಿ, ಒಳಗೆ ಟಾರ್ಚ್ ಹಾಯಿಸಿ. ಮೌಂಟಿನ ಅಂಚಿಗೆ ಉಗುರು ಒತ್ತಿದರೆ ತುಸು ತಗ್ಗಬೇಕು. ಕಲ್ಲಿನಂತಿದ್ದು ಸಣ್ಣ ಬಿರುಕು ಕಂಡರೆ ಅದರ ಆಯಸ್ಸು ಮುಗಿದಿದೆ. ಮರ ಮತ್ತು ರಬ್ಬರಿನ ನಡುವೆ ತೆಳು ಕಾಗದದ ಚೂರು ತೂರಿಸಿ ನೋಡಿ. ತೂರಿದರೆ ಅಂಟು ಬಿಟ್ಟಿದೆ. ಆಮೇಲೆ ಆಸನವನ್ನು ಒಂದು ಕೈಯಲ್ಲಿ ಹಿಡಿದು ಬೆನ್ನನ್ನು ಮೆಲ್ಲಗೆ ಎಳೆಯಿರಿ, ಎರಡೂ ಬದಿ ಸಮನಾಗಿ ಮಣಿಯಬೇಕು.

ಬೆನ್ನಿನ ಹೊರಮೈಯನ್ನೂ ಓರೆ ಬೆಳಕಿನಲ್ಲಿ ನೋಡಿ. ತೋಳಿನ ನೇರಕ್ಕೆ ಮರದ ಬಣ್ಣದ ಪುಟ್ಟಿ ತುಂಬಿದ ಚುಕ್ಕೆ ಕಂಡರೆ, ಬಿಟ್ಟುಹೋದ ಮೌಂಟನ್ನು ಯಾರೋ ಹೊರಗಿನಿಂದ ಸ್ಕ್ರೂ ಹೊಡೆದು ನಿಲ್ಲಿಸಿದ್ದಾರೆಂದು ಅರ್ಥ. ವಿನೀರ್, ಅಂದರೆ ಮೇಲೆ ಅಂಟಿಸಿದ ತೆಳು ಮರದ ಪದರ, ಒಳಗಿನಿಂದ ಉಬ್ಬಿದ್ದರೆ ಅದು ಉದ್ದ ಜಾಸ್ತಿಯಾದ ಸ್ಕ್ರೂ ಮಾಡಿದ ಕೆಲಸ. ಇಂಥ ಕುರ್ಚಿ ಗಟ್ಟಿಯಾಗಿ ಕಂಡರೂ ಸಂಗ್ರಾಹಕರ ಕಣ್ಣಲ್ಲಿ ಅದರ ಬೆಲೆ ಬಿದ್ದುಹೋಗಿರುತ್ತದೆ.

ಅಸಲಿ ಹೌದೋ ಅಲ್ಲವೋ ಎಂಬುದಕ್ಕೆ ಲೇಬಲ್ ಒಂದನ್ನೇ ನಂಬಬೇಡಿ, ಅದು ಬೇರೆ ಕುರ್ಚಿಯಿಂದ ಬಂದು ಅಂಟಿಕೊಂಡಿರಬಹುದು. ಬುಡ ಎಣಿಸಿ: ಕುರ್ಚಿಗೆ ಐದು ಕಾಲು, ಕಾಲುಮಣೆಗೆ ನಾಲ್ಕು. ಅಸಲಿಯ ಬೆನ್ನಿನ ಓರೆ ಸ್ಥಿರ. ಹಿಂದಕ್ಕೆ ವಾಲುವ, ಲಿವರ್ ಎಳೆದರೆ ಒರಗುವ ಕುರ್ಚಿ ನಕಲು. ಕೂರಲು ಹಾಯೆನಿಸಬಹುದು, ಆ ಮಾತು ಬೇರೆ. ಆಸನದ ಕುಶನ್ ಕಾಲುಮಣೆಗೂ, ತಲೆಯದು ಬೆನ್ನಿಗೂ ಹೊಂದಬೇಕು. ಶೆಲ್ಲಿನ ಅಂಚಿನಲ್ಲಿ ಪದರ ಎಣಿಸಿದರೆ ಕಾಲವೂ ಅಂದಾಜಾಗುತ್ತದೆ. ಹಳೆಯವಕ್ಕೆ ಐದು ಪದರ, ಈಚಿನವಕ್ಕೆ ಏಳು. ಎಪ್ಪತ್ತರ ದಶಕದ್ದೆಂದು ಹೇಳಿ ಏಳು ಪದರ ತೋರಿಸಿದರೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ಚರ್ಮದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಒಣಗಿ ಸುಕ್ಕಾದದ್ದು ವಯಸ್ಸಿನ ಲಕ್ಷಣ. ಹೊಚ್ಚಹೊಸ ಚರ್ಮ ಹೊದಿಸಿದ ಹಳೆಯ ಕುರ್ಚಿಯನ್ನೇ ಹೆಚ್ಚು ಅನುಮಾನದಿಂದ ನೋಡಬೇಕು, ಮೇಲೆ ಥಳಕು ಒಳಗೆ ಹುಳುಕು ಆಗಿರುವುದುಂಟು. ಕುಶನ್ ಒತ್ತಿದಾಗ ಜಿಪ್ಪಿನ ಸಂದಿಯಿಂದ ಪುಡಿ ಉದುರಿದರೆ ಒಳಗಿನ ಫೋಮ್ ಸತ್ತಿದೆ. ಅದನ್ನು ಬದಲಿಸಬಹುದು, ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ವಿದೇಶದಿಂದ ತರಿಸುವುದಾದರೆ ಮರ ಯಾವುದೆಂದು ಮೊದಲೇ ಖಚಿತ ಮಾಡಿಕೊಳ್ಳಿ. ಹಳೆಯ ಕುರ್ಚಿಗಳಲ್ಲಿ ಹಲವಕ್ಕೆ ಬ್ರೆಜಿಲ್ ರೋಸ್‌ವುಡ್ಡಿನ ವಿನೀರ್ ಇದೆ. ಅಳಿವಿನಂಚಿನ ಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದಲ್ಲಿ ಆ ಮರ 1992ರಿಂದ ಅತಿ ಕಟ್ಟುನಿಟ್ಟಿನ ಮೊದಲ ಅನುಬಂಧದಲ್ಲಿದೆ. ಹಾಗಾಗಿ ಅದಕ್ಕೂ ಮುಂಚಿನ ಮರವೆಂದು ತೋರಿಸುವ ಪ್ರಮಾಣಪತ್ರ ಇಲ್ಲದೆ ಗಡಿ ದಾಟಿಸಿದರೆ ಕಸ್ಟಮ್ಸ್‌ನವರು ಜಪ್ತಿ ಮಾಡಬಹುದು.

ಕುರ್ಚಿ ದೂರದಲ್ಲಿದ್ದರೆ ಮುಂಗಡ ಕೊಡುವ ಮುನ್ನ ನಾಲ್ಕು ಫೋಟೊ ಕೇಳಿ: ಕುಶನ್ ತೆಗೆದ ಬೆನ್ನಿನ ಒಳಮೈ, ಎರಡೂ ಮೌಂಟ್ ಹತ್ತಿರದಿಂದ, ಶೆಲ್ಲಿನ ಅಂಚು, ತಲೆಕೆಳಗು ಮಾಡಿದ ಬುಡ. ಕುಶನ್ ತೆಗೆಯಲು ಬರುವುದಿಲ್ಲ ಎಂದು ಮಾರುವವರು ಜಾರಿಕೊಂಡರೆ, ಮೌಂಟ್ ಹೋಗಿದೆ ಎಂದುಕೊಂಡೇ ಬೆಲೆ ಹೇಳಿ.