ಒಂದೇ ಅಕ್ಷರ ಬದಲಾದ ಬಾಂಬೆ ರಕ್ತ

‘ಡಾಕ್ಟ್ರೇ, ಅಪ್ಪ ಎಬಿ, ಅಮ್ಮ ಎ. ಅಪ್ಪನಿಂದ ಎ ಇಲ್ಲವೇ ಬಿ ಬರಲೇಬೇಕಲ್ಲ, ಮಗ ಓ ಹೇಗಾದ?’ ಮುಂಬೈನ ಮಾಟುಂಗಾ, ಸಯನ್ ಕಡೆಯ ಕನ್ನಡಿಗರು ರಿಪೋರ್ಟ್ ಹಿಡಿದು ಹೀಗೆ ಕೇಳಿದರೆ ನನ್ನ ಉತ್ತರ ಒಂದೇ. ಸುಮ್ನೆ ಮನೆಯಲ್ಲಿ ಯಾರನ್ನೂ ಅನುಮಾನಿಸಬೇಡಿ, ಇನ್ನೊಂದು ಸಲ ರಕ್ತ ಪರೀಕ್ಷೆ ಮಾಡಿಸಿ.

ಎ, ಬಿ ಗುರುತು ಹಿಡಿಯುವ ಆಂಟಿ-ಎ, ಆಂಟಿ-ಬಿ ದ್ರವ ಹಾಕಿದಾಗ ಕೆಂಪು ಕಣಗಳು ಗಂಟು ಕಟ್ಟದಿದ್ದರೆ ‘ಓ’ ಎಂದು ಬರೆದು ಮುಗಿಸುವವರು ಇದ್ದಾರೆ. ಅದು ಅರ್ಧ ಕೆಲಸ. ರಕ್ತ ಕೊಟ್ಟವರ ಸೀರಮ್‌ಗೆ, ಅಂದರೆ ಕಣ ಬೇರ್ಪಡಿಸಿದ ತಿಳಿ ದ್ರವಕ್ಕೆ, ಓ ಗುಂಪಿನ ಕಣ ಬೆರೆಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಟ್ಯೂಬನ್ನು ಮೆಲ್ಲಗೆ ಅಲುಗಿಸಬೇಕು. ಅಸಲಿ ಓ ಆದರೆ ತಳದ ಕೆಂಪು ಚುಕ್ಕೆ ಬಿಡಿಸಿಕೊಂಡು ಸಮನಾಗಿ ಹರಡುತ್ತದೆ. ಓ ಥರವೇ ಕಾಣುವ ಅಪರೂಪದ ಬಾಂಬೆ ಗುಂಪಾದರೆ ಗಟ್ಟಿ ಚೂರುಗಳಾಗಿ ಏಳುತ್ತದೆ. 1952ರಲ್ಲಿ ಡಾ. ವೈ.ಎಂ. ಭೆಂಡೆ ಮತ್ತು ಸಂಗಡಿಗರು ವರದಿ ಮಾಡಿದ್ದು ಈ ರಕ್ತವನ್ನೇ.

ಎ, ಬಿ ಅನ್ನುವುದು ಕೆಂಪು ಕಣದ ಮೇಲಿರುವ ಸಕ್ಕರೆ ಸರಪಳಿಯ ತುದಿ. ಆದರೆ ಜೀನ್ ಸಕ್ಕರೆ ಮಾಡುವುದಿಲ್ಲ. ಈ ಜೀನ್‌ಗಳಲ್ಲಿರುವುದು ಪ್ರೋಟೀನ್ ಮಾಡುವ ಬರಹ. ನ್ಯೂಕ್ಲಿಯಸ್‌ನಲ್ಲಿ ಅದರ ನಕಲು ಎಂಆರ್‌ಎನ್‌ಎ ಆಗಿ ಹೊರಬರುತ್ತದೆ. ಪ್ರೋಟೀನ್ ಕಟ್ಟುವ ರೈಬೋಸೋಮ್ ಅದನ್ನು ಮೂರು ಮೂರು ಅಕ್ಷರವಾಗಿ ಓದುತ್ತದೆ. ಪ್ರತಿ ಮೂರಕ್ಕೆ ತಕ್ಕ ಅಮೈನೋ ಆಮ್ಲವನ್ನು ಟಿಆರ್‌ಎನ್‌ಎ ತಂದುಕೊಡುತ್ತದೆ. ಒಟ್ಟು 64 ಜೋಡಣೆಗಳಲ್ಲಿ 3 ‘ನಿಲ್ಲಿಸು’ ಅನ್ನುವಂಥವು. ಅದು ಬಂದಾಗ ಅಮೈನೋ ಆಮ್ಲಗಳ ಸರಪಳಿ ಕಳಚಿಕೊಳ್ಳುತ್ತದೆ, ಮಡಚಿಕೊಂಡು ಎಂಜೈಮ್ ಆಗುತ್ತದೆ. ಸಕ್ಕರೆ ಅಂಟಿಸುವುದು ಈ ಎಂಜೈಮ್. ಬಲಿತ ಕೆಂಪು ಕಣಕ್ಕೆ ನ್ಯೂಕ್ಲಿಯಸ್ಸೇ ಇಲ್ಲವಲ್ಲ, ಹಾಗಾಗಿ ಇದೆಲ್ಲ ಮೂಳೆಮಜ್ಜೆಯಲ್ಲೇ ಮುಗಿದಿರುತ್ತದೆ.

ಮೂರಕ್ಷರದ ಓದು ಎಷ್ಟು ಸೂಕ್ಷ್ಮ ನೋಡಿ. ‘ಅವಳು ಮನೆಗೆ ಬಂದಳು’ ಎಂಬಲ್ಲಿ ‘ವ’ ಬಿಟ್ಟು ಮೂರು ಮೂರಾಗಿ ಓದಿ: ‘ಅಳುಮ ನೆಗೆಬಂ ದಳು’. ಸಾಮಾನ್ಯ ಓ ಗುಂಪಿನಲ್ಲಿ ಆಗಿರುವುದು ಇದೇ. ಎಬಿಓ ಜೀನ್‌ನ 261ನೆಯ ಅಕ್ಷರ ಬಿದ್ದುಹೋಗಿ ಮುಂದಿನದೆಲ್ಲ ಕಲಸಿಹೋಗುತ್ತದೆ. ‘ನಿಲ್ಲಿಸು’ ಬೇಗ ಬಂದುಬಿಡುತ್ತದೆ, ಎಂಜೈಮ್ ಮೊಟಕಾಗುತ್ತದೆ.

ಈಗ ‘ಳು’ ಬದಲು ‘ನು’ ಹಾಕಿ: ‘ಅವನು ಮನೆಗೆ ಬಂದಳು’. ಓದು ತಪ್ಪಲಿಲ್ಲ, ಆದರೆ ಕೂಡಲಿಲ್ಲ ಅಲ್ವಾ? ನಮ್ಮ ದೇಶದ ಬಾಂಬೆ ರಕ್ತದಲ್ಲಿ ಜಾಸ್ತಿ ಸಿಗುವುದು ಈ ಬಗೆ. ಎಫ್‌ಯುಟಿ1 ಜೀನ್‌ನ 725ನೆಯ ಅಕ್ಷರ ಟಿ ಇದ್ದದ್ದು ಜಿ ಆಗಿ, ಲ್ಯೂಸಿನ್ ಬರಬೇಕಾದಲ್ಲಿ ಆರ್ಜಿನೀನ್ ಬರುತ್ತದೆ. ಎಂಜೈಮ್ ಪೂರ್ತಿ ಉದ್ದ ಇದ್ದರೂ ಕೆಲಸಕ್ಕೆ ಬಾರದು. ಎಚ್ ಎಂಬ ಬುಡವನ್ನು ಕಟ್ಟುವುದು ಅದೇ. ಬುಡವಿಲ್ಲದೆ ಎ, ಬಿ ಕೂರುವುದೆಲ್ಲಿ? ಆ ಹುಡುಗನಲ್ಲಿ ಎಬಿ ಅಪ್ಪ ಕೊಟ್ಟ ಜೀನ್ ನೆಟ್ಟಗೇ ಇದೆ, ಅದರ ಎಂಜೈಮೂ ತಯಾರಾಗುತ್ತಿದೆ. ಅಂಟಿಸಲು ಜಾಗವಿಲ್ಲ, ಅಷ್ಟೇ.

ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಹೀಗಾಗುತ್ತದೆ. ಸೋದರಿಕೆ ಮದುವೆಗಳಲ್ಲಿ ಆ ಸಂಭವ ಜಾಸ್ತಿ. ಓ ಕಣದಲ್ಲಿರುವ ಎಚ್ ಇವರ ರಕ್ತಕ್ಕೆ ಪರಕೀಯ, ಹಾಗಾಗಿ ಇವರಿಗೆ ಓ ರಕ್ತ ಏರಿಸಿದರೆ ಪ್ರಾಣಕ್ಕೇ ಅಪಾಯ, ಬಾಂಬೆ ರಕ್ತವೇ ಬೇಕು. ಒಡಹುಟ್ಟಿದವರಲ್ಲೂ ಪ್ರತಿಯೊಬ್ಬರಿಗೆ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುವುದರಿಂದ, ಅಣ್ಣ ತಮ್ಮ ಅಕ್ಕ ತಂಗಿಯರ ರಕ್ತವನ್ನೂ ಈಗಲೇ ಪರೀಕ್ಷೆ ಮಾಡಿಸಿಡಿ. ಆಪರೇಷನ್ ದಿನ ಗೊತ್ತಾದ ಮೇಲೆ ಹುಡುಕಲು ಹೊರಡಬೇಡಿ.